ಸಣ್ಣ ಮೋಟಾರುಗಳ ವೇಗನಿಯಂತ್ರಣ: ಚರಿತ್ರೆಯಲ್ಲಿನ ಒಂದು ಲೋಪ

ವಿದ್ಯುದುಪಕರಣಗಳ ಚರಿತ್ರೆಯನ್ನು ಬರೆಯುವವರು ಅದನ್ನು ಬಹುಮಟ್ಟಿಗೆ ಹೊಸ ಶೋಧಗಳ ಚರಿತ್ರೆಯಾಗಿಯೇ ಬರೆಯುತ್ತಾರೆ. ಸಣ್ಣ ಮೋಟಾರುಗಳ ವೇಗನಿಯಂತ್ರಣದ ವಿಷಯದಲ್ಲಿ ಆ ಕಥನ ಸುಪರಿಚಿತವಾದುದು. ಮೊದಲು ರೋಧಕದ ರೆಗ್ಯುಲೇಟರು ಇದ್ದಿತು; ವೇಗವನ್ನು ತಗ್ಗಿಸುವಾಗ ಅದು ವಿದ್ಯುತ್ತನ್ನು ಶಾಖವಾಗಿ ಕಳೆಯುತ್ತಿದ್ದಿತು. 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಥೈರಿಸ್ಟರು ಸಿದ್ಧವಾಯಿತು. ಅದರ ಸಂತತಿಯಾದ ಟ್ರಯಾಕ್ ಬಂದಮೇಲೆ ಈ ಅಪವ್ಯಯ ಬಹುಪಾಲು ನೀಗಿತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದು ಮೋಟಾರಿನ ಒಡೆಯನ ಚರಿತ್ರೆ. ಅವನ ನೆರೆಮನೆಯವನಿಗೆ ಇದರಲ್ಲಿ ಸ್ಥಾನವಿಲ್ಲವೆಂಬುದೇ ನನ್ನ ಆಕ್ಷೇಪಣೆ.

ನೆರೆಮನೆಯವನ ಮಾತೇಕೆಂಬುದು ಟ್ರಯಾಕಿನ ಕೆಲಸವನ್ನು ಪರಿಶೀಲಿಸಿದರೆ ತಿಳಿಯುತ್ತದೆ. ನಮ್ಮ ಮನೆಗಳ ವಿದ್ಯುತ್ಪ್ರವಾಹದಲ್ಲಿ ಸೆಕೆಂಡಿಗೆ 100 ಅರ್ಧಾವರ್ತಗಳು. ಪ್ರತಿಯೊಂದರಲ್ಲಿಯೂ ಟ್ರಯಾಕ್ ಕೊಂಚ ಹೊತ್ತು ತಡೆದು ಅನಂತರ ದಾರಿಬಿಡುತ್ತದೆ. ತಡೆ ಹೆಚ್ಚಿದಷ್ಟೂ ವೇಗ ಕುಗ್ಗುತ್ತದೆ. ಅರೆತೆರೆದ ಸ್ಥಿತಿಯಲ್ಲಿ ಅದು ನಿಲ್ಲುವುದೇ ಇಲ್ಲವಾದುದರಿಂದ ಬಿಸಿಯೂ ಕಡಿಮೆ. ಆದರೆ 230 ವೋಲ್ಟಿನ ಪ್ರವಾಹಕ್ಕೆ ಶಿಖರದಲ್ಲಿ ಸುಮಾರು 325 ವೋಲ್ಟು; ಅರ್ಧಾವರ್ತದ ನಡುವೆ ದಾರಿ ತೆರೆದರೆ ಅಷ್ಟೂ ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಎರಗುತ್ತದೆ. ಇಂತಹ ಕಡಿದಾದ ಏರಿಕೆಯಿಂದ ಹುಟ್ಟುವ ಕಂಪನಗಳು ಮಧ್ಯಮ ತರಂಗದ ರೇಡಿಯೋವರೆಗೂ ಹಬ್ಬುತ್ತವೆ. ಗೋಡೆಯ ತಂತಿಗಳೇ ಅವುಗಳಿಗೆ ಏರಿಯಲ್. ನನ್ನ ಬಾಲ್ಯದಲ್ಲಿ ಪಕ್ಕದ ಮನೆಯವರು ಫ್ಯಾನಿನ ಗುಂಡಿಯನ್ನು ನಡುಮಟ್ಟಕ್ಕೆ ತಿರುಗಿಸಿದರೆ ನಮ್ಮ ರೇಡಿಯೋದ ವಾರ್ತೆ ಗೊರಗೊರ ಸದ್ದಿನಲ್ಲಿ ಮುಳುಗುತ್ತಿದ್ದಿತು. ಉಳಿತಾಯ ಅವರದು, ಅದರ ಬೆಲೆ ನಮ್ಮದು.

ಈ ವ್ಯಾಜ್ಯ ಟ್ರಯಾಕಿಗಿಂತ ಹಳೆಯದೆಂಬುದನ್ನು ಚರಿತ್ರಕಾರರು ಗಮನಿಸಬೇಕಾಗಿದೆ. ಕಮ್ಯುಟೇಟರಿಗೆ ಬ್ರಷ್ಷು ಉಜ್ಜಿ ಕಿಡಿಹಾರಿಸುವ ಮೋಟಾರುಗಳು ಮೊದಲೇ ಶ್ರೋತೃಗಳನ್ನು ಕಾಡುತ್ತಿದ್ದವು. ರೇಡಿಯೋ ಅಡಚಣೆಯನ್ನು ಅಳೆಯುವ ಕ್ರಮವನ್ನೂ ಅದರ ಮಿತಿಯನ್ನೂ ಗೊತ್ತುಪಡಿಸುವುದಕ್ಕೆ ಸಿ.ಐ.ಎಸ್.ಪಿ.ಆರ್. ಎಂಬ ಅಂತರರಾಷ್ಟ್ರೀಯ ಸಮಿತಿ 1934ರಲ್ಲೇ ಏರ್ಪಟ್ಟಿತು. ಅಂದರೆ ಥೈರಿಸ್ಟರಿಗಿಂತ 23 ವರ್ಷ ಮೊದಲು. ಶೋಧ ಮುಂದೆ, ನಿಯಮ ಅದರ ಹಿಂದೆ ಎಂಬ ರೂಢಿಯ ಅನುಕ್ರಮ ಇಲ್ಲಿ ತಲೆಕೆಳಗಾಗಿದೆ. ಹೊಸ ಸಾಧನವು ಆಗಲೇ ಸಿದ್ಧವಿದ್ದ ನ್ಯಾಯದ ಮುಂದೆ ಹುಟ್ಟಿತು.

ಪರಿಹಾರವೂ ಗೂಢವಾದುದಲ್ಲ. ಪ್ರವಾಹದ ದಾರಿಯಲ್ಲಿ ಒಂದು ತಂತಿಸುರುಳಿ ಇಟ್ಟರೆ ಏರಿಕೆಯ ಮೊನೆ ಮೊಂಡಾಗುತ್ತದೆ. ಎರಡು ತಂತಿಗಳ ನಡುವೆ ಒಂದು ಕಂಡೆನ್ಸರು ಇಟ್ಟರೆ ಉಳಿದ ಕಂಪನಗಳು ಹೊರಗೆ ಹೋಗದೆ ಅಲ್ಲಿಯೇ ಹಿಂದಿರುಗುತ್ತವೆ. ವೋಲ್ಟೇಜು ಶೂನ್ಯವಾದಾಗ ಮಾತ್ರ ದಾರಿ ತೆರೆಯುವ ಕ್ರಮವೂ ಉಂಟು; ಅದು ನೀರು ಕಾಯಿಸುವ ಹೀಟರಿಗೆ ಒಪ್ಪುತ್ತದೆ, ಮೋಟಾರು ಮಾತ್ರ ಎಡವಿದಂತೆ ತಿರುಗುತ್ತದೆ. ಹೀಗಿರಲು ಸುರುಳಿ, ಕಂಡೆನ್ಸರುಗಳ ಪ್ರಶ್ನೆ ವಿಜ್ಞಾನದ್ದಲ್ಲ, ಹಣದ್ದು. ಅವುಗಳನ್ನು ಬಿಟ್ಟರೂ ಫ್ಯಾನು ತಿರುಗುತ್ತದೆ. ಕೊಂಡವನಿಗೆ ಏನೂ ತಿಳಿಯುವುದಿಲ್ಲ.

ಈ ಲೇಖನಕ್ಕಾಗಿ ಹಳೆಯ ರೆಗ್ಯುಲೇಟರೊಂದನ್ನು ಬಿಚ್ಚಿ ನೋಡಿದೆ. ಒಳಗಿನ ಹಲಗೆಯ ಮೇಲೆ ಸುರುಳಿಯ ಗುರುತು ಸ್ಪಷ್ಟವಾಗಿ ಅಚ್ಚಾಗಿದ್ದಿತು. ಅದರ ಜಾಗದಲ್ಲಿ ಒಂದು ತುಂಡು ಬರಿಯ ತಂತಿಯನ್ನು ಬೆಸೆದಿದ್ದರು.