ಇರುಳ ದಾರಿಯ ಸಿಳ್ಳು

ಬಿಸು ಹಬ್ಬ ಕಳೆದ ಮೇಲೆ ಒಂದು ರಾತ್ರಿ ಕುಕ್ಕುಂದೂರಿನ ಮುರಕಲ್ಲಿನ ಪದವಿನ ಮೇಲೆ ಕೂತು ಕಿವಿಗೊಡಬೇಕು. ಜೋಡುರಸ್ತೆಯ ವಾಹನಗಳ ಸದ್ದು ಅಡಗಲಿ. ದೂರದಲ್ಲೆಲ್ಲೋ ಆಟದ ಚೆಂಡೆ ಕೇಳಿಸುತ್ತಿದ್ದರೆ ಇರಲಿ, ಯಕ್ಷಗಾನದ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಅದು ಇದ್ದದ್ದೇ. ಗುಡ್ಡದಂಚಿನಲ್ಲಿ ನತ್ತಿಂಗ ಒಂದೇ ಸಮನೆ ಕೂಗುತ್ತಿರುತ್ತದೆ. ಅದು ಇಲ್ಲಿಯದೇ ಹಕ್ಕಿ. ನಾವು ಕಾಯುವುದು ಹೊರಟವರಿಗಾಗಿ, ವಲಸೆ ಹಕ್ಕಿಗಳಿಗಾಗಿ.

ನನಗೆ ಅವರಲ್ಲೆಲ್ಲ ಪ್ರಿಯ ನವರಂಗ. ಹಸಿರು ಬೆನ್ನು, ಹೊಳೆವ ನೀಲಿ ರೆಕ್ಕೆ, ಕೆಂಪು ತಳಹೊಟ್ಟೆ, ಗಿಡ್ಡ ಬಾಲ. ತೂಕ ಹೆಚ್ಚೆಂದರೆ 60–65 ಗ್ರಾಂ. ಚಳಿಗಾಲವಿಡೀ ನಮ್ಮ ಹಾಡಿಗಳ ತರಗೆಲೆ ಕೆದಕಿ ಹುಳ ತಿಂದ ಈ ಹಕ್ಕಿ ಏಪ್ರಿಲ್–ಮೇ ಹೊತ್ತಿಗೆ ಮಧ್ಯಭಾರತಕ್ಕೆ, ಹಿಮಾಲಯದ ತಪ್ಪಲಿಗೆ ಮರಿ ಮಾಡಲು ಹೊರಡುತ್ತದೆ. ಮುಸ್ಸಂಜೆಯಲ್ಲಿ ಅದರ ಎರಡು ಸ್ವರದ ಸಿಳ್ಳು ಕೇಳಿಸುತ್ತದೆ. ತಮಿಳರು ಇದನ್ನು ಆರುಗಂಟೆಯ ಹಕ್ಕಿ ಎನ್ನುವುದು ಎಷ್ಟು ಸರಿ!

ಪಯಣ ಮಾತ್ರ ಕತ್ತಲಲ್ಲಿ. ಇರುಳ ಗಾಳಿ ತಂಪು, ಮೈ ಕಾಯುವುದಿಲ್ಲ; ಹಗಲಿನ ಗಿಡುಗಗಳ ಭಯವಿಲ್ಲ; ಬೆಳಕು ಹರಿದರೆ ಮೇವು ಹುಡುಕಲು ಸಮಯ ಸಿಗುತ್ತದೆ. ಎಷ್ಟೋ ಸಣ್ಣ ಹಕ್ಕಿಗಳು ನಕ್ಷತ್ರ ನೋಡಿ ದಿಕ್ಕು ಹಿಡಿಯುತ್ತವೆ. ಗೊರವಗಳಂತೂ ಕೂಗುತ್ತಲೇ ಹಾರುತ್ತವೆ. ಒಂದು ತೆಳು ದನಿ ತಲೆಯ ಮೇಲೆ ಹಾಯುತ್ತದೆ, ಮತ್ತೊಂದು ಅದಕ್ಕೆ ಓಗೊಡುತ್ತದೆ. ಕಣ್ಣಿಗೆ ಏನೂ ಕಾಣದು.

ಅಂಗಳದ ದೀಪ ಆರಿಸಿ ಬನ್ನಿ. ಬೆಳಕು ಅವುಗಳ ದಾರಿ ತಪ್ಪಿಸುತ್ತದೆ. ಒಂದು ಸಂಜೆ ಹಾಡಿಯಲ್ಲಿ ಸಿಳ್ಳು ಕೇಳುವುದಿಲ್ಲ. ಆಗ ತಿಳಿಯುತ್ತದೆ, ನವರಂಗ ನಿನ್ನೆ ರಾತ್ರಿಯೇ ಹೊರಟಿತೆಂದು.