ಬಿಡಿ ಲೇಖನಗಳೂ ಡಾಕ್ಟರೇಟೂ

ಕೇಂಬ್ರಿಜ್ ವಿಶ್ವವಿದ್ಯಾನಿಲಯವು 1929ರಲ್ಲಿ ಲುಡ್ವಿಗ್ ವಿಟ್ಗೆನ್‌ಸ್ಟೈನನಿಗೆ ಡಾಕ್ಟರೇಟನ್ನು ನೀಡಿದುದು ಅದಕ್ಕೆಂದೇ ಬರೆದ ಮಹಾಪ್ರಬಂಧಕ್ಕಲ್ಲ. 1921ರಲ್ಲಿ ಜರ್ಮನ್ ಭಾಷೆಯಲ್ಲಿಯೂ ಮರುವರ್ಷ ಇಂಗ್ಲಿಷ್ ಅನುವಾದದೊಡನೆಯೂ ಅಚ್ಚಾಗಿದ್ದ ‘ಟ್ರ್ಯಾಕ್ಟೇಟಸ್’ ಗ್ರಂಥವನ್ನೇ ಆತನು ಪರೀಕ್ಷಕರ ಮುಂದಿಟ್ಟನು. ಪರೀಕ್ಷಕರು ರಸೆಲ್ ಮತ್ತು ಮೂರ್. ವಿದ್ವಾಂಸರು ಆಗಲೇ ಚರ್ಚಿಸುತ್ತಿದ್ದ ಗ್ರಂಥವಾದುದರಿಂದ ಪರೀಕ್ಷೆಯು ಬಹುಮಟ್ಟಿಗೆ ಉಪಚಾರವೇ ಆಯಿತು. ಪ್ರಕಟಿತ ಬರವಣಿಗೆಗೆ ಪದವಿ ಸಲ್ಲಬೇಕೆನ್ನುವವರು ಈ ನಿದರ್ಶನವನ್ನು ಎತ್ತುವುದುಂಟು. ಆದರೆ ಒಬ್ಬನೇ ಕಟ್ಟಿದ ಒಂದು ಗ್ರಂಥದ ಮಾತು ಬೇರೆ. ನಾಲ್ಕು ಪತ್ರಿಕೆಗಳಲ್ಲಿ ಚದರಿ, ಐದಾರು ಹೆಸರುಗಳನ್ನು ಹೊತ್ತ ನಾಲ್ಕು ಲೇಖನಗಳ ಮಾತು ಬೇರೆ.

ಇಂಥ ಲೇಖನಗಳ ಸಂಕಲನವನ್ನು ಪ್ರಬಂಧವೆಂದು ಒಪ್ಪುವ ಪದ್ಧತಿ ಸ್ವೀಡನ್ನಿನಲ್ಲಿ ಚೆನ್ನಾಗಿ ಬೇರೂರಿದೆ. ವೈದ್ಯ, ವಿಜ್ಞಾನ, ತಂತ್ರಶಾಸ್ತ್ರಗಳಲ್ಲಿ ಅದೇ ರೂಢಿ. ಅಲ್ಲಿ ಲೇಖನಗಳಿಗೆ ಮುನ್ನ ಒಂದು ದೀರ್ಘವಾದ ಪೀಠಿಕೆಯಿರುತ್ತದೆ. ಅದಕ್ಕೆ ‘ಕಪ್ಪಾ’ ಎಂದು ಹೆಸರು; ಮೇಲಂಗಿ ಎಂದು ಅರ್ಥ. ಬಿಡಿ ಲೇಖನಗಳನ್ನೆಲ್ಲ ಹೊದಿಸಿ ಒಂದು ಮೈಯಾಗಿ ತೋರಿಸುವುದು ಅದರ ಕೆಲಸ. ಪ್ರಶ್ನೆ ಯಾವುದು, ಒಂದೊಂದು ಲೇಖನವೂ ಅದನ್ನು ಎಷ್ಟು ದೂರ ಒಯ್ದಿತು, ಎಲ್ಲಿ ಸೋತಿತು ಎಂಬುದನ್ನು ಅಭ್ಯರ್ಥಿಯು ಅಲ್ಲಿ ಸ್ವಂತ ಮಾತಿನಲ್ಲಿ ಹೇಳಬೇಕು. ಬಳಿಕ ತುಂಬಿದ ಸಭೆಯಲ್ಲಿ ಪ್ರತಿವಾದಿಯೊಬ್ಬನಿಗೆ ಉತ್ತರ ಕೊಡಬೇಕು. ಸಹಲೇಖಕರಿದ್ದರೆ ತನ್ನ ಪಾಲೆಷ್ಟೆಂಬುದನ್ನೂ ತೆರೆದು ತಿಳಿಸಬೇಕಾಗುತ್ತದೆ. ಲೇಖನಗಳ ಸಂಖ್ಯೆ ಇವೆಲ್ಲಕ್ಕಿಂತ ಕಡಮೆಯ ವಿಷಯ. ಆದರೂ ಬೇರೆಡೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ‘ಎಷ್ಟು?’ ಎಂಬುದೇ, ಎಣಿಸುವುದು ಓದುವುದಕ್ಕಿಂತ ಸುಲಭವಷ್ಟೆ.

ಎಣಿಕೆಯ ಫಲವನ್ನು ಭಾರತವೂ ಉಂಡಿದೆ. ಇಲ್ಲಿ ಲೇಖನವು ಪ್ರಬಂಧಕ್ಕೆ ಬದಲಾಗಿ ಬರಲಿಲ್ಲ, ಅದರ ಬಾಗಿಲು ಕಾಯಲು ಬಂದಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2016ರ ನಿಯಮದಂತೆ ಪ್ರಬಂಧವನ್ನೊಪ್ಪಿಸುವ ಮುನ್ನ ವಿದ್ವತ್ ಪತ್ರಿಕೆಯಲ್ಲಿ ಒಂದು ಲೇಖನವೂ ಗೋಷ್ಠಿಗಳಲ್ಲಿ ಎರಡು ಮಂಡನೆಗಳೂ ಆಗಬೇಕಿತ್ತು. ಹಣ ತೆತ್ತವರ ಬರಹವನ್ನು ಕಣ್ಣುಮುಚ್ಚಿ ಅಚ್ಚುಮಾಡುವ ಪತ್ರಿಕೆಗಳಿಗೆ ಸುಗ್ಗಿಯಾಯಿತು. 2022ರ ನಿಯಮಾವಳಿಯು ಆ ಕಡ್ಡಾಯವನ್ನು ಬಿಟ್ಟಿತು. ಜೊಳ್ಳನ್ನು ತೂರಲೆಂದು ಮಾಡಿದ್ದ ‘ಕೇರ್’ ಪಟ್ಟಿಯೂ 2025ರಲ್ಲಿ ನಿಂತಿತು.

ಇದರಿಂದ ಬಿಡಿ ಲೇಖನದ ಮೇಲೆಯೇ ತಿರಸ್ಕಾರ ತಾಳುವುದು ಕನ್ನಡಿಗರಿಗೆ ಸಲ್ಲದು. ಕನ್ನಡದ ಸಂಶೋಧನೆ ಬೆಳೆದುದೇ ಬಿಡಿ ಲೇಖನಗಳಲ್ಲಿ. ಬಿ.ಎ. ಪದವಿಯನ್ನೂ ಪೂರೈಸದ ಮಂಜೇಶ್ವರದ ಗೋವಿಂದ ಪೈಗಳು ಕವಿಕಾಲ, ಶಾಸನ, ಇತಿಹಾಸಗಳ ತೊಡಕುಗಳನ್ನು ಬಿಡಿಸಲೆತ್ನಿಸಿದುದು ಪತ್ರಿಕೆಗಳ ಪುಟಗಳಲ್ಲಿ. ಎಂ. ಎಂ. ಕಲಬುರ್ಗಿಯವರಿಗೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ತಂದಿತ್ತ ‘ಮಾರ್ಗ’ದ ನಾಲ್ಕನೆಯ ಸಂಪುಟವೂ ಲೇಖನಗಳ ಸಂಗ್ರಹವೇ. ಶಾಸನವೊಂದರ ಒಂದು ಸಾಲನ್ನು ಸರಿಯಾಗಿ ಓದಿ ಆರು ಪುಟ ಬರೆದವನು, ಆರುನೂರು ಪುಟಗಳಲ್ಲಿ ಹಿಂದಿನವರ ಮಾತನ್ನು ಪೇರಿಸಿದವನಿಗಿಂತ ಡಾಕ್ಟರೇಟಿಗೆ ಹೆಚ್ಚು ಅರ್ಹನಲ್ಲವೆ?

ಹಾಗಾದರೆ ನಿಬಂಧನೆ ಬೇಡವೆಂದಲ್ಲ. ಅದು ಕನ್ನಡ ವಿದ್ವತ್ತಿನ ಗುಣಕ್ಕೆ ಹೊಂದಬೇಕು. ವಿಜ್ಞಾನದ ಲೇಖನವನ್ನು ಅಚ್ಚಿಗೆ ಮುನ್ನ ಇಬ್ಬರು ಮೂವರು ತಜ್ಞರು ಗುಟ್ಟಾಗಿ ಪರೀಕ್ಷಿಸುತ್ತಾರೆ. ಕನ್ನಡದಲ್ಲಿ ನಿಜವಾದ ಪರೀಕ್ಷೆ ಬಹುಕಾಲ ಅಚ್ಚಾದ ಮೇಲೆ, ಬಹಿರಂಗವಾಗಿ, ಖಂಡನೆಯ ರೂಪದಲ್ಲಿ ನಡೆಯಿತು. ‘ಕವಿರಾಜಮಾರ್ಗ’ದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ವಾದವು ತಲೆಮಾರುಗಳ ತನಕ ಸಾಗಿದುದು ಹೀಗೆಯೇ. ಆದುದರಿಂದ ಲೇಖನಗಳನ್ನು ತಂದೊಪ್ಪಿಸುವ ಕನ್ನಡದ ಅಭ್ಯರ್ಥಿಯಿಂದ ಪತ್ರಿಕೆಯ ಹೆಸರಿಗೂ ಲೇಖನಗಳ ಲೆಕ್ಕಕ್ಕೂ ಮೊದಲು ಕೇಳಬೇಕಾದುದು ಆ ‘ಮೇಲಂಗಿ’ಯನ್ನು. ತನ್ನ ಮತವನ್ನು ಯಾರು ಎಲ್ಲಿ ಅಲ್ಲಗಳೆದರು, ಆ ಆಕ್ಷೇಪದಲ್ಲಿ ಒಪ್ಪತಕ್ಕುದೆಷ್ಟು, ಹಳೆಯ ಲೇಖನದ ಯಾವ ತೀರ್ಮಾನವನ್ನು ಈಗ ಹಿಂತೆಗೆದುಕೊಳ್ಳಬೇಕಾಗಿದೆ ಎಂಬುದನ್ನು ಅದರಲ್ಲಿ ಬರೆಯಿಸಬೇಕು. ಖಂಡಿಸಿದವರು ಬದುಕಿದ್ದರೆ ಅವರನ್ನೇ ಪರೀಕ್ಷಕರ ಪೀಠದಲ್ಲಿ ಕೂರಿಸಬೇಕು.