ಗಡಿನಾಡಿನ ಚರಿತ್ರೆ ಮತ್ತು ಪ್ರೌಢಶಾಲಾ ಬೋಧನೆ: ‘ಚಿರಸ್ಮರಣೆ’ಯ ನೆಲೆಯಿಂದ

ಪ್ರೌಢಶಾಲೆಯ ವಿದ್ಯಾರ್ಥಿಗೆ ಗಡಿಯನ್ನು ಪರಿಚಯಿಸುವಾಗ ಆಡಳಿತದ ದಿನಾಂಕಗಳಿಗಷ್ಟೇ ಪ್ರಾಶಸ್ತ್ಯ ನೀಡಿದರೆ ಗಡಿನಾಡಿನ ಚರಿತ್ರೆ ಎರಡು ರಾಜ್ಯಗಳ ವ್ಯಾಜ್ಯವಾಗಿ ಕುಗ್ಗುತ್ತದೆ. ಇದಕ್ಕೆ ಕಾಸರಗೋಡು ತಕ್ಕ ನಿದರ್ಶನ. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ತಾಲೂಕು 1956ರ ನವೆಂಬರ್ 1ರಂದು ಕೇರಳದ ಭಾಗವಾಯಿತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಚಂದ್ರಗಿರಿ ನದಿಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮರುವರ್ಷ ಶಿಫಾರಸು ಮಾಡಿತಾದರೂ ಅದು ಕಾರ್ಯರೂಪಕ್ಕೆ ಬರಲಿಲ್ಲ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಇವು ತಿಳಿದಿರಲೇಬೇಕಾದ ಸಂಗತಿಗಳು. ಆದರೆ ತುಳು, ಕನ್ನಡ, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ನುಡಿಗಳ ನಡುವೆ ಬಾಳಿದ ಜನರ ಅನುಭವ ಇವುಗಳಲ್ಲಿ ದೊರೆಯದು.

ಈ ಕೊರತೆಯನ್ನು ತುಂಬಬಲ್ಲ ಕೃತಿಗಳಲ್ಲಿ ನಿರಂಜನರ ಕಾದಂಬರಿ ‘ಚಿರಸ್ಮರಣೆ’ (1955) ಮುಖ್ಯವಾದುದು. ಜಮೀನುದಾರಿಕೆಯ ವಿರುದ್ಧ ಕಯ್ಯೂರಿನ ರೈತರು ನಡೆಸಿದ ಹೋರಾಟ ಇದರ ವಸ್ತು. 1941ರ ಮಾರ್ಚ್‌ನಲ್ಲಿ ಅಲ್ಲಿ ನಡೆದ ಪ್ರತಿಭಟನೆಯ ಸಂದರ್ಭದಲ್ಲಿ ಪೊಲೀಸನೊಬ್ಬ ಸಾವಿಗೀಡಾದ. ಆ ಮೊಕದ್ದಮೆಯಲ್ಲಿ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಕಾದಂಬರಿಯ ಕೇಂದ್ರದಲ್ಲಿರುವವರು ಶಾಲೆಯ ಹುಡುಗರಾದ ಅಪ್ಪು ಮತ್ತು ಚಿರುಕಂಡ. ಅವರ ಅರಿವನ್ನು ತಿದ್ದುವವನು ಊರಿನ ಮಾಸ್ತರು. ಹೀಗಾಗಿ ಇದು ಹೋರಾಟದ ಕಥೆಯಾಗಿರುವಂತೆಯೇ ಕಲಿಕೆಯ ಕಥೆಯೂ ಹೌದು.

ಮಲಯಾಳ ಮಾತನಾಡುವ ಈ ರೈತರ ಬದುಕು ಕನ್ನಡದಲ್ಲಿ ಕಾದಂಬರಿಯಾದುದು ರಾಜ್ಯಗಳ ಪುನರ್ವಿಂಗಡಣೆಯ ಹಿಂದಿನ ವರ್ಷದಲ್ಲಿ ಎಂಬುದು ಇಲ್ಲಿ ಗಮನಾರ್ಹ. ಕಯ್ಯೂರು ಚಂದ್ರಗಿರಿಯ ದಕ್ಷಿಣಕ್ಕಿದೆ. ಅಂದರೆ ಮಹಾಜನ ವರದಿ ಜಾರಿಯಾಗಿದ್ದರೂ ಅದು ಕೇರಳದಲ್ಲಿಯೇ ಉಳಿಯುತ್ತಿತ್ತು. ಭಾಷೆಯ ಗಡಿ, ಆಡಳಿತದ ಗಡಿ, ಸಾಹಿತ್ಯಕ ಸ್ಮೃತಿಯ ಗಡಿ ಇವು ಮೂರೂ ಒಂದೇ ಅಲ್ಲವೆಂಬುದನ್ನು ವಿದ್ಯಾರ್ಥಿಗೆ ಮನಗಾಣಿಸಲು ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ. ಆದರೂ ಕಾದಂಬರಿಯನ್ನೇ ದಾಖಲೆಯೆಂದು ಬೋಧಿಸುವುದು ತಪ್ಪಾದೀತು. ಅದು ಎಡಪಂಥೀಯ ನಿಷ್ಠೆಯಿಂದ ರೂಪುಗೊಂಡ ಕೃತಿ. ಅಲ್ಲಿ ಹುತಾತ್ಮರ ಚಿತ್ರಣಕ್ಕೆ ದೊರೆತ ಸಾಂದ್ರತೆ ಎದುರಾಳಿಗಳ ಚಿತ್ರಣಕ್ಕೆ ದೊರೆತಿಲ್ಲ. ಮೊಕದ್ದಮೆಯ ದಾಖಲೆಗಳೊಡನೆ ಹೋಲಿಸಿ ಓದಿಸಿದಾಗಲೇ ಚರಿತ್ರೆಗೂ ಕಥನಕ್ಕೂ ಇರುವ ಅಂತರ ತಿಳಿಯುತ್ತದೆ.

ಇಂತಹ ಓದು ಕನ್ನಡದ ಹಕ್ಕಿನ ಪ್ರಶ್ನೆಯನ್ನು ದುರ್ಬಲಗೊಳಿಸುವುದೆಂಬ ಆಕ್ಷೇಪಣೆ ಬರಬಹುದು. ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಿದ 2017ರ ಕಾಯ್ದೆ ಕಾಸರಗೋಡಿನ ಕನ್ನಡಿಗರಲ್ಲಿ ಮೂಡಿಸಿದ ಆತಂಕ ನಿರಾಧಾರವಾದುದಲ್ಲ. ಆದರೆ ಈ ಆಕ್ಷೇಪಣೆಗೆ ಕಯ್ಯಾರ ಕಿಞ್ಞಣ್ಣ ರೈಯವರ (1915–2015) ಬದುಕೇ ಉತ್ತರ. ಕಾಸರಗೋಡಿನ ವಿಲೀನೀಕರಣಕ್ಕಾಗಿ ಜೀವನಪರ್ಯಂತ ಹೋರಾಡಿದ ಅವರೇ ಮಲಯಾಳದ ಕವಿ ಕುಮಾರನ್ ಆಶಾನರನ್ನು ಕನ್ನಡಕ್ಕೆ ತಂದರು. ಶಾಲಾ ಅಧ್ಯಾಪಕರೂ ಆಗಿದ್ದ ಅವರಲ್ಲಿ ನುಡಿಯ ಹಕ್ಕೊತ್ತಾಯವೂ ನೆರೆನುಡಿಯ ಗೌರವವೂ ಒಟ್ಟಿಗೇ ಇದ್ದವು. ಗಡಿನಾಡಿನ ಪಾಠ ಇವೆರಡನ್ನೂ ಬೇರ್ಪಡಿಸದೆ ಕಲಿಸಿದಾಗ ಮಾತ್ರ, ಅಲ್ಲಿನ ಮಗುವಿಗೆ ತನ್ನ ಊರು ಕೇವಲ ಕಳೆದುಕೊಂಡ ನೆಲವಾಗಿ ಉಳಿಯದು.